ಕಾಡಿನ ಚಿತ್ರಕ್ಕೆ ಪ್ಲಾಸ್ಟಿಕ್ಕಿನ ಗೋಡೆಯೆ?

ಕಳೆದ ತಿಂಗಳು ನಡೆದ ನಮ್ಮ ಬಳಗದ ಸಭೆಯಲ್ಲಿ ಸಣ್ಣದೆಂದು ತೋರುವ ವಿಷಯವೊಂದಕ್ಕೆ ದೀರ್ಘ ಚರ್ಚೆಯಾಯಿತು. ಬರುವ ಜನವರಿಯಲ್ಲಿ ನಗರದ ಬಯಲು ಚಿತ್ರಪ್ರದರ್ಶನವೊಂದರಲ್ಲಿ ನಮಗೊಂದು ಮಳಿಗೆ ಸಿಗುತ್ತದೆ. ನಮ್ಮ ಸೀಮೆಯ ಹೆಣ್ಣುಮಕ್ಕಳು ಬರೆದ ಹಸೆ ಚಿತ್ತಾರಗಳನ್ನೂ, ಬಳಗದ ತರುಣರು ಬರೆದ ಕಾಡು, ಕಣಿವೆ, ಹೊಳೆಗಳ ಚಿತ್ರಗಳನ್ನೂ ಅಲ್ಲಿ ಇಡಬೇಕು. ಹತ್ತಡಿ ಅಗಲ, ಹತ್ತಡಿ ಉದ್ದದ ಜಾಗ. ಮೂರು ಬದಿಗೆ ಚಿತ್ರ ತೂಗುಹಾಕಲು ಗೋಡೆ ಬೇಕು. ಆ ಗೋಡೆ ಯಾವುದರದ್ದಾಗಬೇಕು ಎಂಬುದೇ ಪ್ರಶ್ನೆ.

“ಫ್ಲೆಕ್ಸ್ ಮಾಡಿಸಿಬಿಡೋಣ. ಅಗ್ಗ, ಹಗುರ, ಮಳೆಗೆ ಜಗ್ಗುವುದಿಲ್ಲ, ಮೇಲೆ ಬಳಗದ ಹೆಸರನ್ನೂ ಅಚ್ಚು ಹಾಕಿಸಬಹುದು” ಎಂದು ಹಿರಿಯರೊಬ್ಬರು ಹೇಳಿದರು. ಬಹುಪಾಲು ಸದಸ್ಯರು ತಲೆದೂಗಿದರು. “ಸನ್‌ಬೋರ್ಡ್ ಆದರೆ ಇನ್ನೂ ಸೊಗಸು” ಎಂದು ಮತ್ತೊಬ್ಬರು ಸೇರಿಸಿದರು. ನಾನು ಒಪ್ಪಲಿಲ್ಲ. ನಿರ್ಣಯವನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ. ಅದಕ್ಕೆ ಮುನ್ನ ನನ್ನ ವಾದವನ್ನು ಓದುಗ ಮಿತ್ರರೆದುರು ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಸಭೆಯಲ್ಲಿ ಕೇಳಿಬಂದ ಮಾತುಗಳಿಗೆ ಇಲ್ಲಿ ಉತ್ತರವಿದೆ. ಆಡಿದವರ ಮೇಲೆ ನನಗೆ ಯಾವ ಮುನಿಸೂ ಇಲ್ಲ.

ನೋಡುವವರು ಗೋಡೆಯನ್ನು ನೋಡುವುದಿಲ್ಲವೆ?

“ಜನ ಬರುವುದು ಚಿತ್ರ ನೋಡಲು, ಗೋಡೆ ನೋಡಲು ಅಲ್ಲ” ಎಂಬ ಮಾತು ಮೊದಲು ಬಂದದ್ದು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಸುಮ್ಮನಿರಬಹುದಿತ್ತು. ಹಸೆ ಚಿತ್ತಾರದ ನಾಡಿನವರಾದ ನಾವು ಹೇಳಬಹುದೆ? ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಚಿತ್ತಾರವೆಂದರೆ ಗೋಡೆಯ ಮೇಲೆ ಅಂಟಿಸಿದ ವಸ್ತುವಲ್ಲ, ಗೋಡೆಯೇ ಚಿತ್ತಾರ. ಕೆಮ್ಮಣ್ಣು ಬಳಿದ ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ. ಕೈಯಲ್ಲಿ ಪುಂಡಿನಾರಿನ ಕುಂಚ. ಬಣ್ಣವೂ ಕುಂಚವೂ ಗೋಡೆಯೂ ಒಂದೇ ನೆಲದಿಂದ ಬಂದವು. ಕಾಲ ತುಂಬಿದಾಗ ಆ ನೆಲಕ್ಕೇ ಮರಳುತ್ತಿದ್ದವು. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಚರಗ ಒಯ್ಯುವ ಬುಟ್ಟಿಯೂ ಹಾಗೆಯೇ. ಬಿದಿರಿನ ಹೆಣಿಗೆಗೆ ಸಗಣಿ, ಕೆಮ್ಮಣ್ಣು ಸಾರಿಸಿ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಬಿದಿರಿನ ಮೇಲೆ ಚಿತ್ರ ನಿಲ್ಲುತ್ತದೆಯೆ ಎಂದು ಕೇಳುವವರು ಮೊದಲು ಆ ಬುಟ್ಟಿಯನ್ನು ನೋಡಬೇಕು.

ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ, ಎನಾಮಲ್ ಬಣ್ಣ ಬಂದಾಗ ಚಿತ್ತಾರ ತನ್ನ ನೆಲೆಯನ್ನು ಕಳೆದುಕೊಂಡು ಕಾಗದಕ್ಕೂ ಬಟ್ಟೆಗೂ ವಲಸೆ ಹೋಯಿತು. ಅದು ಅನಿವಾರ್ಯವಾಗಿತ್ತೇನೋ. ಹೀಗೆ ಮನೆ ಕಳೆದುಕೊಂಡ ಕಲೆಗೆ ನಾವೇ ಊರ ಹೊರಗೊಂದು ಮನೆ ಕಟ್ಟಿಕೊಡುವ ಅವಕಾಶ ಬಂದಾಗ ಪ್ಲಾಸ್ಟಿಕ್ಕಿನ ಗೋಡೆಯನ್ನು ಎಬ್ಬಿಸುವುದು ಮಾತ್ರ ಅನಿವಾರ್ಯವಲ್ಲ. ಅದು ಆಯ್ಕೆ. ಆಯ್ಕೆಗೆ ನಾವು ಹೊಣೆ.

ಫ್ಲೆಕ್ಸಿನ ಉತ್ತರಕ್ರಿಯೆ

ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ನೂಲಿನ ಜಾಲದ ಮೇಲೆ ಪಿವಿಸಿ ಲೇಪಿಸಿದ ಹಾಳೆ. ಪಿವಿಸಿ ಅಂಟಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. ಬಳುಕಲೆಂದು ಅದಕ್ಕೆ ಮೆದುಕಾರಕ ರಾಸಾಯನಿಕಗಳನ್ನು ಬೆರೆಸುತ್ತಾರೆ. ನೂಲನ್ನೂ ಲೇಪವನ್ನೂ ಬೇರ್ಪಡಿಸುವುದು ಸುಲಭವಲ್ಲದ್ದರಿಂದ ಗುಜರಿಯವನೂ ಅದನ್ನು ಮುಟ್ಟುವುದಿಲ್ಲ. ಸನ್‌ಬೋರ್ಡಿನ ಹೆಸರಿನಲ್ಲಿ ಸೂರ್ಯನಿದ್ದಾನೆ, ಒಡಲಿನಲ್ಲಿರುವುದು ಅದೇ ಪಿವಿಸಿ ನೊರೆ.

“ನಾವು ಬಿಸಾಡುವುದಿಲ್ಲ, ಮರುಬಳಕೆ ಮಾಡುತ್ತೇವೆ” ಎಂದರು ಗೆಳೆಯರು. ಮರುಬಳಕೆಯ ಕಥೆಯನ್ನು ನಾನು ನನ್ನ ಮನೆಯಲ್ಲೇ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಮೇಳ ಮುಗಿದ ಬಳಿಕ ಎರಡು ಫ್ಲೆಕ್ಸುಗಳನ್ನು ಸುರುಳಿ ಸುತ್ತಿ ಮನೆಗೆ ತಂದೆ. ಮೊದಲ ಮಳೆಗಾಲದಲ್ಲಿ ಅವು ಸೌದೆ ರಾಶಿಗೆ ಹೊದಿಕೆಯಾದವು. ನನಗೂ ಹೆಮ್ಮೆಯಾಯಿತು. ಎರಡನೆಯ ಬೇಸಗೆಯ ಬಿಸಿಲಿಗೆ ಲೇಪ ಬಿರಿಯಿತು. ಎರಡನೆಯ ಮಳೆಗಾಲದ ಗಾಳಿಗೆ ಅಂಚು ಹರಿದು ಚೂರುಚೂರಾಯಿತು. ಚೂರುಗಳು ದರಕಿನ ಜೊತೆ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರಗುಂಡಿಗೆ, ಗುಂಡಿಯಿಂದ ತೋಟದ ಬುಡಕ್ಕೆ ಹೋದವು. ಇಂದಿಗೂ ಅಡಿಕೆ ಮರದ ಬುಡ ಕೆದಕಿದರೆ ಹಸಿರು ಅಕ್ಷರದ ತುಣುಕುಗಳು ಸಿಗುತ್ತವೆ. ಉಳಿದ ದೊಡ್ಡ ತುಂಡನ್ನು ಕೂಲಿಗೆ ಬಂದವರು ಬಚ್ಚಲೊಲೆಗೆ ಹಾಕಿದರು. ತಪ್ಪು ಅವರದ್ದಲ್ಲ, ಅದನ್ನು ಮನೆಗೆ ತಂದವನು ನಾನು.

ಬಚ್ಚಲೊಲೆಯಂತಹ ಕಡಿಮೆ ಶಾಖದ, ಗಾಳಿ ಸಾಲದ ಬೆಂಕಿಯಲ್ಲಿ ಪಿವಿಸಿ ಉರಿದಾಗ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲಧೂಮವೂ, ಡಯಾಕ್ಸಿನ್, ಫ್ಯುರಾನ್‌ಗಳೆಂಬ ಘೋರ ವಿಷಗಳೂ ಹುಟ್ಟುತ್ತವೆ. ಇವು ಕೊಬ್ಬಿನಲ್ಲಿ ಸೇರಿ ಹಾಲಿನ ಮೂಲಕ ಮಗುವಿನ ಬಾಯಿಗೆ ತಲಪಬಲ್ಲವು. ವರ್ಷಗಟ್ಟಲೆ ಮೈಯಲ್ಲಿ ಉಳಿಯಬಲ್ಲವು. 2001ರಲ್ಲಿ ಜಗತ್ತಿನ ದೇಶಗಳು ಸೇರಿ ಮಾಡಿಕೊಂಡ ಸ್ಟಾಕ್‌ಹೋಮ್ ಒಪ್ಪಂದದ ವಿಷಪಟ್ಟಿಯಲ್ಲಿ ಇವೂ ಸೇರಿವೆ. ಭಾರತ ಅದನ್ನು 2006ರಲ್ಲಿ ಸ್ಥಿರೀಕರಿಸಿತು.

ಲೆಕ್ಕ ಹಾಕಿ ನೋಡಿ. ಹತ್ತಡಿ ಅಗಲ, ಏಳಡಿ ಎತ್ತರದ ಮೂರು ಗೋಡೆಗೆ 210 ಚದರಡಿ, ಅಂದರೆ ಸುಮಾರು ಹತ್ತೊಂಬತ್ತೂವರೆ ಚದರ ಮೀಟರ್ ಫ್ಲೆಕ್ಸ್ ಬೇಕು. ಚದರ ಮೀಟರಿಗೆ 300 ಗ್ರಾಂ ತೂಗುವ ಸಾಧಾರಣ ಹಾಳೆಯಾದರೂ ಒಂದು ಮಳಿಗೆಗೆ ಆರು ಕಿಲೋ ಸಮೀಪ ಆಗುತ್ತದೆ. ನೂರು ಮಳಿಗೆ ಹೀಗೆಯೇ ಮಾಡಿದರೆ ಆರುನೂರು ಕಿಲೋ. ಒಂದು ದಿನದ ಸಂತೋಷಕ್ಕೆ ತೆರುವ ಬೆಲೆ ಇದು.

ಇನ್ನೊಂದು ಮಾತನ್ನು ಸಭೆಯಲ್ಲಿ ಯಾರೂ ನೆನಪಿಸಲಿಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್‌ಗಳನ್ನೂ ನಿಷೇಧಿಸಿತು. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯ ಚಾಟಿ ಬೀಸಿದ ಮೇಲೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳನ್ನು ಕಿತ್ತುಹಾಕಲಾಯಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ಮತ್ತು 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳು ದೇಶದಾದ್ಯಂತ ನಿಷಿದ್ಧ. ಇಂತಹ ಆದೇಶಗಳು ಕಡತದಲ್ಲೇ ಮಲಗುತ್ತವೆಂದು ನಾವು ಎಷ್ಟು ಬಾರಿ ದೂರಿಲ್ಲ? ಅವನ್ನು ಮಲಗಿಸುವವರ ಸಾಲಿನಲ್ಲಿ ನಾವೇ ಹೋಗಿ ನಿಂತರೆ ನಾಳೆ ಯಾವ ಬಾಯಿಯಿಂದ ಅಧಿಕಾರಿಗಳನ್ನು ಕೇಳುವುದು?

ಗಾಳಿಗೆ ಯಾರ ಮುಲಾಜೂ ಇಲ್ಲ

ಹಸಿರು ಮಾತುಗಳನ್ನೆಲ್ಲ ಬದಿಗಿಡೋಣ. ಕೇವಲ ಉಪಯೋಗದ ದೃಷ್ಟಿಯಿಂದ ನೋಡಿದರೂ ಬಯಲಿನ ಪ್ರದರ್ಶನಕ್ಕೆ ಫ್ಲೆಕ್ಸ್ ಒಳ್ಳೆಯ ಗೋಡೆಯಲ್ಲ. ಬಯಲಿನಲ್ಲಿ ಗೋಡೆಗೆ ಮೊದಲ ಶತ್ರು ಮಳೆಯಲ್ಲ, ಗಾಳಿ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ, ಅಂದರೆ ಸಣ್ಣ ಮರಗಳು ತೂಗಾಡುವಷ್ಟು, ಒಂದು ಚದರ ಮೀಟರಿನ ಮೇಲೆ ಸುಮಾರು ಆರು ಕಿಲೋ ಭಾರದಷ್ಟು ಒತ್ತುತ್ತದೆ. ಹತ್ತಡಿಗೆ ಏಳಡಿಯ ಒಂದು ಗೋಡೆಯ ವಿಸ್ತೀರ್ಣ ಆರೂವರೆ ಚದರ ಮೀಟರ್. ಎಂದರೆ ಸುಮಾರು ನಲವತ್ತು ಕಿಲೋ ಬಲ ಆ ಗೋಡೆಯನ್ನು ಅಡ್ಡಕ್ಕೆ ತಳ್ಳುತ್ತದೆ. ವೇಗ ಒಂದೂವರೆ ಪಟ್ಟಾದರೆ ಬಲ ತೊಂಬತ್ತು ಕಿಲೋ. ರಂಧ್ರವಿಲ್ಲದ ಹಾಳೆ ಹಾಯಿಯಂತೆ ಉಬ್ಬಿ ಚೌಕಟ್ಟನ್ನೇ ಎತ್ತಿ ಒಗೆಯುತ್ತದೆ. ಬೀಳುವುದು ಗೋಡೆ ಮಾತ್ರವಲ್ಲ, ಗಾಜು ಹಾಕಿದ ಚಿತ್ರಗಳೂ ಎದುರಿಗೆ ನಿಂತ ಮಕ್ಕಳೂ ಅದರ ಕೆಳಗಿರುತ್ತಾರೆ.

“ಹಗುರ” ಎಂಬ ಹೊಗಳಿಕೆಯನ್ನೂ ಇಲ್ಲೇ ಪರೀಕ್ಷಿಸಬೇಕು. ಫ್ಲೆಕ್ಸ್ ತಾನಾಗಿ ನಿಲ್ಲುವುದಿಲ್ಲ. ಅದಕ್ಕೆ ಕಬ್ಬಿಣದ ಚೌಕಟ್ಟು ಬೇಕೇ ಬೇಕು. ಚೌಕಟ್ಟಿನ ಭಾರವನ್ನು ಲೆಕ್ಕದಿಂದ ಬಿಟ್ಟು ಹಾಳೆಯನ್ನಷ್ಟೇ ತೂಗಿದರೆ ಹಗುರವೆನಿಸದೆ ಮತ್ತೇನು? ಇಷ್ಟಾದ ಮೇಲೂ ಚಿತ್ರ ತೂಗುಹಾಕಲು ಅದರಲ್ಲಿ ಮೊಳೆ ನಿಲ್ಲುವುದಿಲ್ಲ, ಕೊಕ್ಕೆ ನಿಲ್ಲುವುದಿಲ್ಲ. ಅಂಟುಪಟ್ಟಿಯಿಂದ ಅಂಟಿಸಬೇಕು. ಸಂಜೆ ಬಿಡಿಸುವಾಗ ಕೈಕಾಗದದ ಅಂಚು ಅಂಟಿನೊಡನೆ ಕಿತ್ತು ಬರುತ್ತದೆ. ತಿಂಗಳುಗಟ್ಟಲೆ ಕುಳಿತು ಬರೆದ ತಾಯಿಗೆ ನಾವು ಆ ಹರಿದ ಅಂಚನ್ನು ಮರಳಿಸಬೇಕೆ?

ಉಳಿದ ಆಯ್ಕೆಗಳು

ಬಾಡಿಗೆಗೆ ಸಿಗುವ ಕಬ್ಬಿಣದ ಜಾಲರಿಯ ಚೌಕಟ್ಟುಗಳನ್ನು ನಾನು ನಿಂದಿಸಲಾರೆ. ಗಾಳಿ ಅದರಲ್ಲಿ ತೂರಿಹೋಗುತ್ತದೆ. ಕೊಕ್ಕೆಯನ್ನು ಎಲ್ಲಿ ಬೇಕಾದರೂ ಸಿಕ್ಕಿಸಬಹುದು. ಹತ್ತಾರು ವರ್ಷ ಕೈಯಿಂದ ಕೈಗೆ ಓಡಾಡುತ್ತದೆ. ಬೇರೆ ಊರಿನ ಗೆಳೆಯರಿಗೆ ಬೇರೇನೂ ದೊರೆಯದಿದ್ದರೆ ಜಾಲರಿಯನ್ನು ಬಾಡಿಗೆಗೆ ತರಲಿ, ಹೊಸದನ್ನು ಕೊಳ್ಳದಿರಲಿ. ಒಂದೇ ಒಂದು ಕೊರತೆ ಇದೆ. ನಾವು ತೆತ್ತ ಬಾಡಿಗೆಯ ಒಂದು ಕಾಸೂ ಮಲೆನಾಡಿಗೆ ಮರಳುವುದಿಲ್ಲ.

ಪ್ಲೈವುಡ್ಡಿನ ಮಾತೂ ಬಂತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ ಅವರು ತಡೆಯಹೊರಟದ್ದು ಯಾವ ಕೊಡಲಿಯನ್ನು? ಪ್ಲೈವುಡ್ಡಿಗೆಂದು ನಿತ್ಯಹರಿದ್ವರ್ಣದ ಹೆಮ್ಮರಗಳನ್ನು ಉರುಳಿಸುತ್ತಿದ್ದ ಕಾಲವದು. ಇಂದಿನ ಪ್ಲೈವುಡ್ ಹೆಚ್ಚಾಗಿ ನೆಡುತೋಪಿನ ಮರದಿಂದ ಬರುತ್ತದೆಂಬುದನ್ನು ಒಪ್ಪುತ್ತೇನೆ. ಆದರೆ ಆ ನೆಡುತೋಪುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯವೇನೆಂದು ಈ ಪತ್ರಿಕೆಯ ಓದುಗರಿಗೆ ಮತ್ತೆ ಹೇಳಬೇಕಿಲ್ಲ. ಅದರ ಮೇಲೆ ಫಾರ್ಮಾಲ್ಡಿಹೈಡ್ ಬೆರೆತ ಅಂಟು, ಹೊತ್ತು ಸಾಗಿಸಲಾಗದ ಭಾರ, ಗಾಳಿಗೆ ಫ್ಲೆಕ್ಸಿನಷ್ಟೇ ಅಡ್ಡಿ.

ಗೋಡೆಯೇ ಬೇಡವೆಂದು ಸಾಲುಮರಗಳಿಗೆ ಮೊಳೆ ಹೊಡೆದು, ಹಗ್ಗ ಬಿಗಿದು ಚಿತ್ರ ತೂಗುಹಾಕುವವರೂ ಇದ್ದಾರೆ. ತೊಗಟೆಯ ಕೆಳಗಿನ ಜೀವಪದರಕ್ಕೆ ಇಳಿದ ಪ್ರತಿ ಮೊಳೆಯೂ ಕೊಳೆರೋಗಕ್ಕೆ ತೆರೆದ ಬಾಗಿಲು. ಮರದ ಚಿತ್ರವನ್ನು ಮರಕ್ಕೆ ಮೊಳೆ ಹೊಡೆದು ಪ್ರದರ್ಶಿಸುವುದಕ್ಕಿಂತ ದೊಡ್ಡ ವಿಡಂಬನೆಯನ್ನು ನಾನಂತೂ ಕಾಣೆ.

ನಮ್ಮ ಗೋಡೆ ನಮ್ಮ ಹಿತ್ತಿಲಲ್ಲಿದೆ

ಹಾಗಾದರೆ ಏನು ಮಾಡಬೇಕು? ಉತ್ತರ ನಮ್ಮ ತೋಟದಲ್ಲೇ ಇದೆ. ಮುದಿಯಾಗಿ ಫಲ ಬಿಟ್ಟ, ಗಾಳಿಗೆ ಉರುಳಿದ ಅಡಿಕೆ ಮರಗಳನ್ನು ಸೀಳಿ ತೆಗೆದ ದಬ್ಬೆಯಲ್ಲೇ ನಮ್ಮ ಹಿರಿಯರು ಚಪ್ಪರ ಹಾಕಿದರು, ಮಾಡಿಗೆ ಪಟ್ಟಿ ಹೊಡೆದರು, ಬೇಲಿ ಕಟ್ಟಿದರು. ಆ ದಬ್ಬೆಯಿಂದ ನಾಲ್ಕಡಿ ಅಗಲ, ಏಳಡಿ ಎತ್ತರದ ಚೌಕಟ್ಟುಗಳನ್ನು ಕಟ್ಟೋಣ. ಅಡ್ಡಪಟ್ಟಿಗಳನ್ನು ನಾಲ್ಕೈದು ಬೆರಳು ಸಂದು ಬಿಟ್ಟು ತೆಂಗಿನ ನಾರಿನ ಹಗ್ಗದಿಂದ ಬಿಗಿಯೋಣ. ಸಂದಿನಲ್ಲಿ ಗಾಳಿ ಹಾದುಹೋಗುತ್ತದೆ. ಯಾವ ಪಟ್ಟಿಗೆ ಬೇಕಾದರೂ ಕೊಕ್ಕೆ ಸಿಕ್ಕಿಸಬಹುದಾದ್ದರಿಂದ ಪ್ರತಿ ಚಿತ್ರದ ನಡುಭಾಗ ನೆಲದಿಂದ ಸುಮಾರು ಐದಡಿ ಎತ್ತರಕ್ಕೆ, ನೋಡುವವರ ಕಣ್ಣಿನ ಮಟ್ಟಕ್ಕೆ ಬರುವಂತೆ ಹೊಂದಿಸಬಹುದು. ಕೆಲವು ಚೌಕಟ್ಟುಗಳಿಗೆ ಬಿದಿರಿನ ತಟ್ಟಿಯನ್ನೇ ಹೆಣೆಸೋಣ. ಚಿತ್ರದ ಹಿಂದೆ ಶಾಂತವಾದ ಹಿನ್ನೆಲೆ ಬೇಕೆನಿಸಿದಲ್ಲಿ ಬಿಳುಪು ಮಾಡದ ಕೋರಾ ಬಟ್ಟೆಯ ಪಟ್ಟಿ ಇಳಿಬಿಟ್ಟರೆ ಸಾಕು, ಇಡೀ ಗೋಡೆಯನ್ನು ಬಟ್ಟೆಯಿಂದ ಮುಚ್ಚಬೇಡಿ, ಅದೂ ಹಾಯಿಯಾದೀತು. ಬಣ್ಣದ ಬಟ್ಟೆಯೇ ಬೇಕೆಂದರೆ ಅಡಿಕೆಯ ಚೊಗರಿನಲ್ಲಿ ಅದ್ದಿದ ಕೈಮಗ್ಗದ ಬಟ್ಟೆ ಎಷ್ಟು ಚೆಲುವೆಂಬುದನ್ನು ಹೆಗ್ಗೋಡು ಸಮೀಪದ ಭೀಮನಕೋಣೆಯ ‘ಚರಕ’ ಎಂದೋ ತೋರಿಸಿಕೊಟ್ಟಿದೆ.

ನಿಲ್ಲಿಸುವ ಕ್ರಮವೂ ಸರಳ. ಒಂಟಿ ಚೌಕಟ್ಟು ನಿಲ್ಲದು. ಎರಡನ್ನು ಅರ್ಧ ತೆರೆದ ಪುಸ್ತಕದಂತೆ ಕೋನದಲ್ಲಿ ಕಟ್ಟಿದರೆ ತಾನಾಗಿ ನಿಲ್ಲುತ್ತದೆ. ಡಾಂಬರು ರಸ್ತೆಯಲ್ಲಿ ಗೂಟ ಹೊಡೆಯುವಂತಿಲ್ಲವಾದ್ದರಿಂದ ಪ್ರತಿ ಮೂಲೆಯ ಬುಡಕ್ಕೂ ಮರಳು ತುಂಬಿದ ಗೋಣಿ ಹೇರಬೇಕು. ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನಕ್ಕೂ ನೆತ್ತಿಗೆ ಬರುವುದಿಲ್ಲ. ಮಳಿಗೆಯ ದಕ್ಷಿಣದ ಬದಿಗೆ ಗೋಡೆ ನಿಲ್ಲಿಸಿ ಚಿತ್ರಗಳ ಮುಖವನ್ನು ಉತ್ತರಕ್ಕೆ ತಿರುಗಿಸಿದರೆ ನೇರ ಬಿಸಿಲು ಬೀಳದೆ ಬಣ್ಣ ಉಳಿಯುತ್ತದೆ. ಮನೆಯ ಜಗಲಿ ಎತ್ತ ಮುಖ ಮಾಡಬೇಕೆಂದು ಯೋಚಿಸುವ ಜನಕ್ಕೆ ಇದನ್ನು ಕಲಿಸಿಕೊಡಬೇಕಾಗಿಲ್ಲ.

ಆಕ್ಷೇಪಗಳಿಗೆ ಉತ್ತರ

“ಬಿದಿರಿಗೆ ಹುಳು ಬೀಳುತ್ತದೆ” ಎಂದರು. ನಿಜ. ಕುಟ್ಟೆಹುಳುವಿಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಕೆಲವು ವಾರ ನೀರಿನಲ್ಲಿ ನೆನೆಹಾಕಿ ಪಿಷ್ಟ ತೊಳೆದುಹೋದ ಮೇಲೆ ಒಣಗಿಸಿದರೆ, ಅಥವಾ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿದರೆ ಬಾಳಿಕೆ ಹೆಚ್ಚುತ್ತದೆ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿಡಿ, ಹೊಗೆ ಕಾಯುತ್ತದೆ.

“ಕಾಡಿನ ಬಿದಿರು ಕಡಿದರೆ ನಾವೂ ಅಪರಾಧಿಗಳಲ್ಲವೆ?” ಎಂದೊಬ್ಬ ತರುಣ ಕೇಳಿದ. ಸಭೆಯಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಪ್ರಶ್ನೆಯಿದು. ಕಾಡಿನ ಬಿದಿರು ಬೇಡ. 2017ರ ತಿದ್ದುಪಡಿಯ ತರುವಾಯ ಕಾಡಿನ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯಿದೆಯ ‘ಮರ’ದ ವ್ಯಾಖ್ಯೆಯಲ್ಲಿಲ್ಲ. ನಮ್ಮ ನಮ್ಮ ಹಿತ್ತಿಲಿನ, ಹೊಲದಂಚಿನ ಮೆಳೆಗಳಿಂದ ಬಲಿತ ಗಳಗಳನ್ನಷ್ಟೇ ಆರಿಸಿ ಕಡಿಯೋಣ. ಮೆಳೆ ಮತ್ತೆ ಕಳಲೆ ಒಡೆಯುತ್ತದೆ.

ತಟ್ಟಿಯನ್ನು ಹೆಣೆಯುವವರು ನಮ್ಮ ಊರ ಮೇದಾರರಾಗಿರಲಿ. ಕಳೆದ ಶತಮಾನದ ನಡುವಿನಲ್ಲಿ ದಾಂಡೇಲಿಯ ಕಾಗದದ ಗಿರಣಿಗೆ ಉತ್ತರ ಕನ್ನಡದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟರೆಂಬುದು, ಬುಟ್ಟಿ ಹೆಣೆಯುವವನು ಅದೇ ಬಿದಿರಿಗೆ ಪೇಟೆಯ ದರ ತೆರಬೇಕಾಯಿತೆಂಬುದು ನಮ್ಮ ಜಿಲ್ಲೆಗಳ ಇತಿಹಾಸದ ಕಹಿ ಪುಟ. ಮಾಧವ ಗಾಡ್ಗೀಳರು ಅದನ್ನು ಮತ್ತೆ ಮತ್ತೆ ನೆನಪಿಸಿದರು. ಮೆಳೆಗಳು ಬರಿದಾದವು, ಪ್ಲಾಸ್ಟಿಕ್ ಬುಟ್ಟಿ ಬಂತು, ಮೇದಾರರ ಕತ್ತಿ ತುಕ್ಕು ಹಿಡಿಯಿತು. ಒಂದು ಮಳಿಗೆಯ ಗೋಡೆಯಿಂದ ಆ ಅನ್ಯಾಯ ಸರಿಹೋಗುವುದಿಲ್ಲ. ಆದರೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕಾಗಿದ್ದ ಹಣ ಒಬ್ಬ ಹೆಣಿಗೆಯವನ ಮನೆಗೆ ಹೋದರೆ ಅಷ್ಟರಮಟ್ಟಿಗಾದರೂ ನಾವು ನುಡಿದಂತೆ ನಡೆದೆವು.

“ಖರ್ಚು ಹೆಚ್ಚು” ಎಂಬುದು ಕೊನೆಯ ಆಕ್ಷೇಪ. ಮೊದಲ ವರ್ಷದ ಲೆಕ್ಕದಲ್ಲಿ ಹೆಚ್ಚೇ, ಮುಚ್ಚಿಡುವುದಿಲ್ಲ. ದಬ್ಬೆ ಸೀಳಲು ಕೂಲಿ ಬೇಕು, ಹೆಣಿಗೆಗೆ ನ್ಯಾಯವಾದ ಮಜೂರಿ ಕೊಡಬೇಕು, ಸಾಗಿಸಲು ದೊಡ್ಡ ಗಾಡಿ ಬೇಕು. ಆದರೆ ಫ್ಲೆಕ್ಸಿಗೆ ಪ್ರತಿ ವರ್ಷ ಹೊಸ ಬಿಲ್ಲು; ಈ ಚೌಕಟ್ಟುಗಳು ಹಲವು ವರ್ಷ ಬರುತ್ತವೆ. ನಡುವಿನ ಹನ್ನೊಂದು ತಿಂಗಳು ಶಾಲೆಯ ವಾರ್ಷಿಕೋತ್ಸವಕ್ಕೆ, ಬೀಜಮೇಳಕ್ಕೆ, ಮದುವೆಯ ಚಪ್ಪರಕ್ಕೆ ಒದಗುತ್ತವೆ. ಕಡೆಗೊಮ್ಮೆ ಮುರಿದಾಗ ಬಚ್ಚಲೊಲೆಗೆ ಹಾಕಿದರೂ ಉಳಿಯುವುದು ಬೂದಿ; ಅದು ತೋಟಕ್ಕೆ ಗೊಬ್ಬರ. ಮಳೆ ಬಂದರೆ ಗೋಡೆ ನೆನೆಯಲಿ, ಒಣಗುತ್ತದೆ. ಚಿತ್ರ ಮುಚ್ಚಲು ಅಡಿಕೆ ಅಂಗಳದ ಹಳೆಯ ತಾಡಪಾಲು ಹೇಗೂ ಮನೆಯಲ್ಲಿದೆ.

ಗೋಡೆಯೂ ಮಾತಾಡುತ್ತದೆ

ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಚಿತ್ರಸಂತೆಯನ್ನು ಆರಂಭಿಸಿದಾಗ ಕುಮಾರಕೃಪಾ ರಸ್ತೆಯೇ ಒಂದು ದಿನದ ಮಟ್ಟಿಗೆ ಕಲಾಶಾಲೆಯಾಯಿತು. ಹವಾನಿಯಂತ್ರಿತ ಗ್ಯಾಲರಿಯ ಗೋಡೆಗಳನ್ನು ದಾಟಿ ಕಲೆ ಬೀದಿಗೆ ಬಂತು. ಬಾಗಿಲೊಳಗೆ ಕಾಲಿಡಲು ಅಳುಕುತ್ತಿದ್ದವರೂ ಚಿತ್ರದೆದುರು ನಿಂತರು. ಬಯಲು ಪ್ರದರ್ಶನಗಳ ಹಿರಿಮೆ ಇರುವುದೇ ಅಲ್ಲಿ. ಒಂದು ಗೋಡೆಯನ್ನು ಕೆಡವಿದ ಮೇಲೆ ಅದರ ಜಾಗದಲ್ಲಿ ನಾವು ಎಂತಹ ಗೋಡೆ ಎಬ್ಬಿಸುತ್ತೇವೆ ಎಂಬುದು ಚಿತ್ರದಷ್ಟೇ ಮುಖ್ಯ. ಹೊಳೆಯ ಚಿತ್ರ ಕೊಳ್ಳಲು ಬಂದ ನಗರದ ತಾಯಿಯೊಬ್ಬಳು ಗೋಡೆಯನ್ನು ಮುಟ್ಟಿ “ಇದು ಯಾವ ಮರ?” ಎಂದು ಕೇಳಿದರೆ ಅಲ್ಲಿಂದ ಮಾತು ಆರಂಭವಾಗುತ್ತದೆ. ನಮ್ಮ ಕರಪತ್ರಗಳು ಮಾಡಲಾಗದ ಕೆಲಸವನ್ನು ಆ ಪ್ರಶ್ನೆ ಮಾಡುತ್ತದೆ.

ಆದುದರಿಂದ ಮುಂದಿನ ಸಭೆಯಲ್ಲಿ ನಾನು ಮೂರು ಸೂಚನೆಗಳನ್ನು ಮಂಡಿಸಲಿದ್ದೇನೆ. ಒಂದು, ನಮ್ಮ ಬಳಗ ಇನ್ನು ಯಾವ ಕಾರ್ಯಕ್ರಮಕ್ಕೂ ಫ್ಲೆಕ್ಸ್, ಸನ್‌ಬೋರ್ಡ್, ಥರ್ಮಾಕೋಲ್ ಬಳಸಕೂಡದು. ಹೆಸರಿನ ಫಲಕವನ್ನು ಬಟ್ಟೆಯ ಮೇಲೆ ಕೈಯಲ್ಲೇ ಬರೆಸಬೇಕು. ಎರಡು, ಆರು ಚೌಕಟ್ಟುಗಳನ್ನು ಈ ಬೇಸಾಯದ ಬಿಡುವಿನಲ್ಲಿ ಶ್ರಮದಾನದಿಂದ ಕಟ್ಟಬೇಕು. ಹೆಣಿಗೆಯ ಕೆಲಸಕ್ಕೆ ಮಾತ್ರ ಪೂರ್ತಿ ಮಜೂರಿ ಕೊಡಬೇಕು, ಅದನ್ನು ಶ್ರಮದಾನವೆಂದು ಕೇಳಬಾರದು. ಮೂರು, ಆ ಚೌಕಟ್ಟುಗಳು ಬಳಗದ ಸಮಸ್ತರ ಆಸ್ತಿಯಾಗಿ, ಕೇಳಿದ ಶಾಲೆ ಸಂಘಗಳಿಗೆ ಉಚಿತವಾಗಿ ಸಿಗಬೇಕು.

ಈ ಮಳೆಗಾಲದ ಗಾಳಿಗೆ ನನ್ನ ತೋಟದಲ್ಲಿ ಎರಡು ಅಡಿಕೆ ಮರಗಳು ಉರುಳಿವೆ. ಅವೆರಡೂ ಬಳಗಕ್ಕೆ. ನಿಮ್ಮ ತೋಟದಲ್ಲಿ ಎಷ್ಟು ಬಿದ್ದಿವೆ, ಸಭೆಗೆ ಬರುವಾಗ ಎಣಿಸಿಕೊಂಡು ಬನ್ನಿ.